ಮತದಾರ ಊರು ಬಿಟ್ಟರೆ ಮತ ಊರಲ್ಲೇ ಉಳಿಯಬೇಕೆ?

ಮತದಾನದ ನಿಯಮಗಳ ಬಗ್ಗೆ ಓದುಗರಿಂದ ಪ್ರಶ್ನೆಗಳನ್ನು ಆಹ್ವಾನಿಸಿದಾಗ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದಲೇ ಹೆಚ್ಚಿನ ಪತ್ರಗಳು ಬಂದವು. ಅಧ್ಯಾಪಕನಾಗಿದ್ದ ಕಾಲದಲ್ಲಿ ಈ ಎರಡೂ ಜಿಲ್ಲೆಗಳ ಮತಗಟ್ಟೆಗಳಲ್ಲಿ ಅಧ್ಯಕ್ಷಾಧಿಕಾರಿಯಾಗಿ ಕೆಲಸ ಮಾಡಿದವನು ನಾನು. ಆದ್ದರಿಂದ ಕಾನೂನು ಏನು ಹೇಳುತ್ತದೆ ಎಂಬುದರ ಜೊತೆಗೆ, ಅದು ಮತಗಟ್ಟೆಯ ಬಾಗಿಲಲ್ಲಿ ಹೇಗೆ ಕಾಣುತ್ತದೆ ಎಂಬುದನ್ನೂ ಹೇಳಲು ಪ್ರಯತ್ನಿಸುತ್ತೇನೆ.

ಪ್ರಶ್ನೆ: ನಾನು ಕಾಫಿ ತೋಟವೊಂದರಲ್ಲಿ ರೈಟರ್. ನಮ್ಮ ಲೈನ್ ಮನೆಗಳಲ್ಲಿ ಹದಿನಾಲ್ಕು ಕುಟುಂಬಗಳಿವೆ. ಕೆಲವರು ರಾಯಚೂರು, ಕೊಪ್ಪಳದ ಕಡೆಯವರು. ಉಳಿದವರು ಅಸ್ಸಾಂ, ಜಾರ್ಖಂಡ್‌ನವರು. ಆರು ವರ್ಷದಿಂದ ಇಲ್ಲೇ ಇರುವವರ ಮಕ್ಕಳು ಇಲ್ಲಿಯ ಸರ್ಕಾರಿ ಶಾಲೆಗೆ ಹೋಗುತ್ತಿದ್ದಾರೆ. ಮತದಾನದ ದಿನ ರಜೆ ಕೊಟ್ಟರೂ ಇವರು ಅಂಗಳದಲ್ಲೇ ಕುಳಿತಿರುತ್ತಾರೆ. ಇವರ ಹೆಸರನ್ನು ಇಲ್ಲಿಯ ಪಟ್ಟಿಗೆ ಸೇರಿಸಬಹುದೇ? ಸೇರಿಸಿದರೆ ಊರಿನ ರೇಷನ್ ಹೋಗುತ್ತದೆಂದು ಅವರು ಹೆದರುತ್ತಾರೆ.
— ಮೂಡಿಗೆರೆ ತಾಲ್ಲೂಕಿನ ಓದುಗರು

ಉತ್ತರ: ಖಂಡಿತವಾಗಿ ಸೇರಿಸಬಹುದು. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 19ನೇ ಸೆಕ್ಷನ್ ಕೇಳುವುದು ಎರಡನ್ನೇ: ವಯಸ್ಸು 18 ತುಂಬಿರಬೇಕು, ಆ ಕ್ಷೇತ್ರದಲ್ಲಿ ಸಾಮಾನ್ಯವಾಗಿ ವಾಸವಾಗಿರಬೇಕು. ಸ್ವಂತ ಮನೆ ಇರಬೇಕೆಂದು ಅದು ಎಲ್ಲಿಯೂ ಹೇಳುವುದಿಲ್ಲ. ಬದಲಿಗೆ, ಮನೆ ಇದೆ ಎಂಬ ಒಂದೇ ಕಾರಣಕ್ಕೆ ಯಾರೂ ಆ ಕ್ಷೇತ್ರದ ನಿವಾಸಿ ಆಗುವುದಿಲ್ಲ ಎಂದು 20ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಹಾಗಾಗಿ ಬೆಂಗಳೂರಿನಲ್ಲಿದ್ದುಕೊಂಡು ವರ್ಷಕ್ಕೆರಡು ಸಲ ತೋಟ ನೋಡಲು ಬರುವ ಮಾಲೀಕರಿಗಿಂತ, ಅದೇ ತೋಟದ ಲೈನ್ ಮನೆಯಲ್ಲಿ ಆರು ವರ್ಷದಿಂದ ಒಲೆ ಹಚ್ಚುತ್ತಿರುವ ಕುಟುಂಬವೇ ಕಾನೂನಿನ ಕಣ್ಣಿನಲ್ಲಿ ಮೂಡಿಗೆರೆಯ ನಿವಾಸಿ.

ತೊಂದರೆ ಇರುವುದು ದಾಖಲೆಯಲ್ಲಿ. ಲೈನ್ ಮನೆಗೆ ಬಾಡಿಗೆ ಕರಾರು ಇರುವುದಿಲ್ಲ, ಕರೆಂಟ್ ಬಿಲ್ ತೋಟದ ಹೆಸರಿನಲ್ಲಿ ಬರುತ್ತದೆ. ಆದರೆ ಮನೆಯೇ ಇಲ್ಲದವರಿಗೂ ಚುನಾವಣಾ ಆಯೋಗ ಒಂದು ದಾರಿ ಮಾಡಿದೆ. ಅರ್ಜಿಯಲ್ಲಿ ಬರೆದ ಜಾಗಕ್ಕೆ ಬಿ.ಎಲ್.ಓ. (ಮತಗಟ್ಟೆ ಮಟ್ಟದಲ್ಲಿ ಮತದಾರರ ಪಟ್ಟಿ ನೋಡಿಕೊಳ್ಳುವ ಅಧಿಕಾರಿ) ರಾತ್ರಿ ಹೊತ್ತು ಹೋಗಿ, ಆ ವ್ಯಕ್ತಿ ಅಲ್ಲಿಯೇ ಮಲಗುತ್ತಾನೆಂದು ಖಚಿತಪಡಿಸಿಕೊಂಡರೆ, ವಿಳಾಸಕ್ಕೆ ಬೇರೆ ದಾಖಲೆ ಕೇಳಬಾರದು. ಫುಟ್‌ಪಾತಿನಲ್ಲಿ ಮಲಗುವವರಿಗೆ ಸಲ್ಲುವ ಈ ನ್ಯಾಯ, ಹೆಂಚಿನ ಸೂರಿನಡಿ ಮಲಗುವವರಿಗೆ ಸಲ್ಲದಿರಲು ಕಾರಣವಿಲ್ಲ. ಹಾಜರಿ ಪುಸ್ತಕ ಬರೆಯುವ ನೀವು ಈ ವಿಷಯದಲ್ಲಿ ಬಿ.ಎಲ್.ಓ.ಗೆ ದೊಡ್ಡ ನೆರವಾಗಬಲ್ಲಿರಿ. ಈಗಾಗಲೇ ಬೇರೆ ಊರಿನ ಪಟ್ಟಿಯಲ್ಲಿ ಹೆಸರಿರುವವರು ಹೊಸದಾಗಿ ಹೆಸರು ಸೇರಿಸುವ ನಮೂನೆ 6ನ್ನಲ್ಲ, ವಾಸಸ್ಥಳ ಬದಲಾವಣೆಯ ನಮೂನೆ 8ನ್ನು ತುಂಬಬೇಕು. ಎರಡು ಕಡೆ ಹೆಸರು ಉಳಿಸಿಕೊಳ್ಳಲು ಸುಳ್ಳು ಹೇಳಿಕೆ ಕೊಡುವುದು ಶಿಕ್ಷಾರ್ಹ ಅಪರಾಧ.

ರೇಷನ್ ಬಗೆಗಿನ ಭಯಕ್ಕೆ ಆಧಾರವಿಲ್ಲ. ಮತದಾರರ ಪಟ್ಟಿಯೇ ಬೇರೆ, ಪಡಿತರದ ಪಟ್ಟಿಯೇ ಬೇರೆ. ಆದರೆ ಆ ಭಯವೇ ನನ್ನನ್ನು ಇನ್ನೊಂದು ಮಾತಿಗೆ ಕರೆದೊಯ್ಯುತ್ತದೆ. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆ ಎಲ್ಲ ರಾಜ್ಯಗಳಲ್ಲೂ ಜಾರಿಯಾದ ಮೇಲೆ, ಜಾರ್ಖಂಡ್‌ನ ಕಾರ್ಡ್ ಹಿಡಿದವರು ಮೂಡಿಗೆರೆಯ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳೊತ್ತಿ ಅಕ್ಕಿ ಪಡೆಯಬಹುದು. ಅದೇ ಬೆರಳಿನಿಂದ ತಮ್ಮ ಊರಿನ ಅಭ್ಯರ್ಥಿಗೆ ಮತ ಒತ್ತಲು ಮಾತ್ರ ರೈಲಿನಲ್ಲಿ ಎರಡು ದಿನ ಪ್ರಯಾಣ ಮಾಡಬೇಕು.

ಕಾಫಿ ಕೊಯ್ಲಿಗೆಂದು ಬಂದು ನಾಲ್ಕು ತಿಂಗಳಲ್ಲಿ ಹಿಂದಿರುಗುವವರನ್ನು ಇಲ್ಲಿಯ ಪಟ್ಟಿಗೆ ಸೇರಿಸುವುದು ಸರಿಯಲ್ಲ. ಅವರಿಗೆ ಬೇಕಾಗಿರುವುದು ಇಲ್ಲಿಂದಲೇ ತಮ್ಮ ಊರಿಗೆ ಮತ ಹಾಕುವ ಅವಕಾಶ. ಆಯೋಗವು 2022ರ ಡಿಸೆಂಬರ್‌ನಲ್ಲಿ, ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳವರೆಗೆ ಮತ ಪಡೆಯಬಲ್ಲ ದೂರ ಮತಯಂತ್ರದ ಮಾದರಿಯನ್ನು ಪ್ರಕಟಿಸಿ, ಮುಂದಿನ ತಿಂಗಳು ರಾಜಕೀಯ ಪಕ್ಷಗಳ ಮುಂದೆ ಇಟ್ಟಿತು. ವಲಸಿಗರೆಂದರೆ ಯಾರು, ದೂರದ ಮತಗಟ್ಟೆಯಲ್ಲಿ ಸಣ್ಣ ಪಕ್ಷಗಳು ಏಜೆಂಟರನ್ನು ಹೇಗೆ ಕೂರಿಸಬೇಕು, ಚುನಾವಣೆಯೇ ಇಲ್ಲದ ರಾಜ್ಯದಲ್ಲಿ ನೀತಿ ಸಂಹಿತೆ ಹೇಗೆ ಜಾರಿಯಾಗಬೇಕು ಎಂದು ವಿರೋಧ ಪಕ್ಷಗಳು ಎತ್ತಿದ ಪ್ರಶ್ನೆಗಳು ನ್ಯಾಯವಾದವೇ. ಆದರೆ ಪ್ರಶ್ನೆ ಕಠಿಣವೆಂದು ಉತ್ತರವನ್ನೇ ಕೈಬಿಡುವುದನ್ನು ನಾನು ಒಪ್ಪಲಾರೆ. ಕಾಶ್ಮೀರ ಕಣಿವೆಯಿಂದ ಹೊರಬಿದ್ದ ಕುಟುಂಬಗಳಿಗಾಗಿ ಜಮ್ಮು, ಉಧಂಪುರ, ದೆಹಲಿಗಳಲ್ಲಿ ವಿಶೇಷ ಮತಗಟ್ಟೆಗಳು ಬಹುಕಾಲದಿಂದ ನಡೆಯುತ್ತಿವೆ. ಮೊದಲ ಹೆಜ್ಜೆಯನ್ನು ರಾಜ್ಯದ ಒಳಗೇ ಇಡಬಹುದು: ವಿಧಾನಸಭಾ ಚುನಾವಣೆಯಲ್ಲಿ ಸಿಂಧನೂರಿನ ಮತದಾರ ಮೂಡಿಗೆರೆಯಲ್ಲಿ ಕುಳಿತು ಸಿಂಧನೂರಿಗೆ ಮತ ಹಾಕುವಂತಾದರೆ, ಮುಖ್ಯ ಚುನಾವಣಾಧಿಕಾರಿಯೂ ಒಬ್ಬರೇ, ನೀತಿ ಸಂಹಿತೆಯೂ ಒಂದೇ, ಪಕ್ಷಗಳೂ ಬಹುಪಾಲು ಅವೇ.

ಇನ್ನೊಂದು ಮಾತು. ರಜೆ ಕೊಡುತ್ತೀರೆಂದು ಬರೆದಿದ್ದೀರಿ, ಸಂತೋಷ. ಲೋಕಸಭೆ ಮತ್ತು ವಿಧಾನಸಭೆ ಚುನಾವಣೆಯ ದಿನ ಮತದಾರರಾಗಿರುವ ನೌಕರರಿಗೆ, ದಿನಗೂಲಿಯವರೂ ಸೇರಿದಂತೆ, ಕೂಲಿ ಕಡಿಯದೆ ರಜೆ ಕೊಡಬೇಕೆಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 135-ಬಿ ಸೆಕ್ಷನ್ ಹೇಳುತ್ತದೆ. ಕೊಡದ ಮಾಲೀಕರಿಗೆ ದಂಡ ಹೆಚ್ಚೆಂದರೆ 500 ರೂಪಾಯಿ. ಒಬ್ಬ ಆಳಿನ ಒಂದು ದಿನದ ಕೂಲಿಯ ಆಸುಪಾಸಿನಲ್ಲಿರುವ ಈ ಮೊತ್ತಕ್ಕೆ ಯಾರೂ ಅಂಜುವುದಿಲ್ಲ. ಇದನ್ನು ತುರ್ತಾಗಿ ತಿದ್ದಬೇಕು.

ಪ್ರಶ್ನೆ: ಬೆಳಿಗ್ಗೆ ಹತ್ತು ಗಂಟೆಗೆ ಮತಗಟ್ಟೆಗೆ ಹೋದಾಗ ನನ್ನ ಹೆಸರಿನ ಕೆಳಗೆ ಆಗಲೇ ಗೆರೆ ಎಳೆದಿತ್ತು. ಯಾರೋ ನನ್ನ ಮತ ಹಾಕಿಹೋಗಿದ್ದರು. ಗುರುತಿನ ಚೀಟಿ ತೋರಿಸಿ ಜಗಳವಾಡಿದ ಮೇಲೆ ಒಂದು ಕಾಗದದಲ್ಲಿ ಮುದ್ರೆ ಒತ್ತಿಸಿ ಲಕೋಟೆಗೆ ಹಾಕಿಕೊಂಡರು. ಆ ಮತ ಎಣಿಕೆಯಾಯಿತೇ?
— ಅರಸೀಕೆರೆಯ ಓದುಗರು

ಉತ್ತರ: ತಾಯಿ, ಆಗಿಲ್ಲ. ಇದನ್ನು ಬರೆಯುವಾಗ ನನಗೆ ನೋವಾಗುತ್ತದೆ, ಏಕೆಂದರೆ ಇಂಥದೇ ಒಂದು ಲಕೋಟೆಯನ್ನು ನಾನೂ ಅಂಟಿಸಿದ್ದೇನೆ.

ಅರಕಲಗೂಡು ತಾಲ್ಲೂಕಿನ ಒಂದು ಶಾಲೆಯ ಮತಗಟ್ಟೆಯಲ್ಲಿ ವಯಸ್ಸಾದ ಹೆಂಗಸೊಬ್ಬರು ತಮ್ಮ ಎರಡೂ ಅಂಗೈಗಳನ್ನು ನನ್ನ ಮೇಜಿನ ಮೇಲೆ ಹರಡಿ ತೋರಿಸಿದರು. ರಾಗಿ ಹಿಟ್ಟಿನ ಬಿಳುಪು ಇನ್ನೂ ಉಗುರಿನ ಸಂದಿಯಲ್ಲಿತ್ತು. ಶಾಯಿ ಎಲ್ಲಿಯೂ ಇರಲಿಲ್ಲ. ಗಂಡನ ಹೆಸರು, ಮಕ್ಕಳ ಹೆಸರು, ಅಕ್ಕಪಕ್ಕದ ಮನೆಯವರ ಹೆಸರನ್ನೆಲ್ಲ ತಡವರಿಸದೆ ಹೇಳಿದರು. ಅಲ್ಲಿ ಕುಳಿತಿದ್ದ ಎಲ್ಲ ಪಕ್ಷಗಳ ಏಜೆಂಟರೂ ‘ಇವರೇ ಅವರು ಸಾರ್’ ಎಂದರು. ನಿಯಮದಂತೆ ನಮೂನೆ 17-ಬಿಯಲ್ಲಿ ಹೆಬ್ಬೆಟ್ಟು ಒತ್ತಿಸಿ, ಹಿಂಬದಿಯಲ್ಲಿ ಟೆಂಡರ್ ಮತಪತ್ರ ಎಂದು ನಮೂದಿಸಿದ ಕಾಗದವನ್ನು ಕೊಟ್ಟೆ. ಅವರು ಮರೆಗೆ ಹೋಗಿ, ಮುದ್ರೆ ಒತ್ತಿ, ನಾಲ್ಕು ಮಡಿಕೆ ಮಾಡಿಕೊಂಡು ಬಂದು, ‘ಡಬ್ಬ ಎಲ್ಲೈತಪ್ಪ?’ ಎಂದು ಕೇಳಿದರು. ‘ಇದಕ್ಕೆ ಡಬ್ಬ ಇಲ್ಲಮ್ಮ, ಲಕೋಟೆ’ ಎಂದೆ. ಆ ಲಕೋಟೆಯನ್ನು ಎಣಿಕೆಯ ದಿನ ಯಾರೂ ತೆರೆಯುವುದಿಲ್ಲ ಎಂದು ಹೇಳುವ ಧೈರ್ಯ ನನಗೆ ಆಗಲಿಲ್ಲ.

1961ರ ಚುನಾವಣಾ ನಿರ್ವಹಣಾ ನಿಯಮಗಳಲ್ಲಿ 49-ಪಿ ಎಂಬ ನಿಯಮದಡಿ ಪಡೆಯುವ ಈ ಮತಕ್ಕೆ ಜೀವ ಬರಬೇಕಾದರೆ, ಫಲಿತಾಂಶ ಪ್ರಕಟವಾದ 45 ದಿನಗಳೊಳಗೆ ಯಾರಾದರೂ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬೇಕು, ನ್ಯಾಯಾಲಯ ಆ ಲಕೋಟೆಯನ್ನು ತರಿಸಬೇಕು. ರಾಜಸ್ಥಾನದ ನಾಥದ್ವಾರದಲ್ಲಿ 2008ರಲ್ಲಿ ಒಂದೇ ಮತದಿಂದ ಫಲಿತಾಂಶ ತೀರ್ಮಾನವಾದಾಗ ಟೆಂಡರ್ ಮತಗಳ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ನಮ್ಮ ರಾಜ್ಯದಲ್ಲೇ 2004ರಲ್ಲಿ ಸಂತೇಮರಹಳ್ಳಿಯಲ್ಲಿ ಗೆಲುವಿನ ಅಂತರ ಒಂದು ಮತ. 2023ರಲ್ಲಿ ಶೃಂಗೇರಿಯಲ್ಲಿ 201 ಮತ. ಒಂದು ಲಕೋಟೆ ಏನು ಮಾಡೀತು ಎಂದು ಕೇಳುವವರಿಗೆ ಈ ಅಂಕಿಗಳನ್ನು ತೋರಿಸಿ.

ಕಾಗದದ ಮತಪತ್ರದ ಕಾಲದಲ್ಲಿ ಕಳ್ಳ ಮತವನ್ನು ಕ್ರಮಸಂಖ್ಯೆಯಿಂದ ಹುಡುಕಿ ತೆಗೆಯುವ ದಾರಿ ಇತ್ತು. ಯಂತ್ರದಲ್ಲಿ ಬಿದ್ದ ಮತ ಯಾರದೆಂದು ತಿಳಿಯುವುದಿಲ್ಲ, ತಿಳಿಯಲೂಕೂಡದು. ಹಾಗಾಗಿ ಕಳ್ಳ ಮತವನ್ನು ಕಳೆಯದೆ ನಿಜವಾದ ಮತವನ್ನು ಕೂಡಿಸಿದರೆ ಒಬ್ಬರ ಹೆಸರಿನಲ್ಲಿ ಎರಡು ಮತವಾಗುತ್ತದೆ. ಈ ತೊಡಕನ್ನು ಬಲ್ಲವನಾಗಿಯೇ ನಾನು ಹೇಳುವುದು ಇಷ್ಟು: ಒಂದು ಕ್ಷೇತ್ರದ ಒಟ್ಟು ಟೆಂಡರ್ ಮತಗಳು ಗೆಲುವಿನ ಅಂತರಕ್ಕೆ ಸಮನಾದರೆ ಅಥವಾ ಅದನ್ನು ಮೀರಿದರೆ, ಯಾರೂ ಅರ್ಜಿ ಹಾಕುವುದನ್ನು ಕಾಯದೆ ಆ ಮತಗಟ್ಟೆಗಳಲ್ಲಿ ಮರುಮತದಾನ ನಡೆಯಬೇಕು. ಪ್ರತಿ ಮತಗಟ್ಟೆಯ ಟೆಂಡರ್ ಮತಗಳ ಸಂಖ್ಯೆಯನ್ನು ಫಲಿತಾಂಶದ ಜೊತೆಗೇ ಪ್ರಕಟಿಸಬೇಕು. ಇದೇ ನಿಯಮಾವಳಿಯಲ್ಲಿ, ಬಂದ ಮತದಾರ ನಿಜವಾದವನಲ್ಲ ಎಂದು ಏಜೆಂಟ್ ತಕರಾರು ಎತ್ತಲು ಕಟ್ಟಬೇಕಾದ ಠೇವಣಿ ಇಂದಿಗೂ ಎರಡು ರೂಪಾಯಿ. ಅರವತ್ತು ವರ್ಷಗಳ ಹಿಂದೆ ಆ ಎರಡು ರೂಪಾಯಿಗೆ ತೂಕವಿತ್ತು. ಇಂದು ಅದು ಸುಳ್ಳು ತಕರಾರನ್ನು ತಡೆಯುವುದೂ ಇಲ್ಲ, ನಿಜವಾದ ತಕರಾರಿಗೆ ಗೌರವ ತರುವುದೂ ಇಲ್ಲ.

ಪ್ರಶ್ನೆ: ನನಗೆ ಫೆಬ್ರುವರಿಯಲ್ಲಿ 18 ತುಂಬಿತು. ಜನವರಿ 1ಕ್ಕೆ ತುಂಬಿರಬೇಕಿತ್ತು, ಇನ್ನೊಂದು ವರ್ಷ ಕಾಯಬೇಕು ಎಂದು ಮನೆಯಲ್ಲಿ ಹೇಳುತ್ತಾರೆ. ನಿಜವೇ?
— ಹೊಳೆನರಸೀಪುರದ ಓದುಗರು

ಉತ್ತರ: ಮನೆಯವರು ಹೇಳುವುದು ಹಳೆಯ ನಿಯಮ. 2021ರ ತಿದ್ದುಪಡಿಯ ನಂತರ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ 1ನೇ ತಾರೀಖು ಅರ್ಹತಾ ದಿನಗಳಾಗಿವೆ. ನೀವು ಏಪ್ರಿಲ್ 1ರ ಲೆಕ್ಕಕ್ಕೆ ಬರುತ್ತೀರಿ. 17 ತುಂಬಿದವರು ಮುಂಗಡವಾಗಿಯೇ ನಮೂನೆ 6 ಸಲ್ಲಿಸಬಹುದು, ನಿಮ್ಮ ತಮ್ಮ ತಂಗಿಯರಿಗೂ ತಿಳಿಸಿ. ಹಳೆಯ ನಿಯಮವನ್ನು ತಿದ್ದಲು ಮನಸ್ಸು ಮಾಡಿದರೆ ಎಷ್ಟು ಸುಲಭ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ಅದೇ ತಿದ್ದುಪಡಿಯಲ್ಲಿ ಸೇನೆಯಲ್ಲಿರುವವರ ‘ಹೆಂಡತಿ’ ಎಂದಿದ್ದ ಪದವನ್ನು ‘ಸಂಗಾತಿ’ ಎಂಬ ಅರ್ಥದ ಪದಕ್ಕೆ ಬದಲಿಸಿದ್ದರಿಂದ, ಮಹಿಳಾ ಅಧಿಕಾರಿಯ ಗಂಡನೂ ಸೇವಾ ಮತದಾರ, ಅಂದರೆ ಸೇನೆಯಂಥ ಸೇವೆಯಲ್ಲಿರುವವರ ಪ್ರತ್ಯೇಕ ಪಟ್ಟಿಯ ಮತದಾರ, ಆಗುವಂತಾಯಿತು.

ಪ್ರಶ್ನೆ: ಜೈಲಿನಲ್ಲಿರುವವರು ಚುನಾವಣೆಗೆ ನಿಲ್ಲಬಹುದು, ಮತ ಹಾಕುವಂತಿಲ್ಲ. ಇದು ಯಾವ ನ್ಯಾಯ?
— ಚಿಕ್ಕಮಗಳೂರಿನ ಕಾನೂನು ವಿದ್ಯಾರ್ಥಿ

ಉತ್ತರ: ನನಗೂ ಇದರಲ್ಲಿ ನ್ಯಾಯ ಕಾಣುವುದಿಲ್ಲ. 1951ರ ಕಾಯ್ದೆಯ 62(5) ಸೆಕ್ಷನ್, ಮುಂಜಾಗ್ರತಾ ಬಂಧನದಲ್ಲಿರುವವರನ್ನು ಬಿಟ್ಟು, ಸೆರೆಯಲ್ಲಿರುವ ಯಾರಿಗೂ ಮತದಾನಕ್ಕೆ ಅವಕಾಶ ಕೊಡುವುದಿಲ್ಲ. ಶಿಕ್ಷೆಯಾದವರು, ವಿಚಾರಣಾಧೀನರು, ಪೊಲೀಸ್ ವಶದಲ್ಲಿರುವವರು ಎಂಬ ಭೇದವೇ ಅದರಲ್ಲಿಲ್ಲ. ಸುಪ್ರೀಂ ಕೋರ್ಟ್ 1997ರಲ್ಲಿ ಈ ಸೆಕ್ಷನ್ ಅನ್ನು ಎತ್ತಿಹಿಡಿಯಿತು. 2013ರಲ್ಲಿ ಅದೇ ನ್ಯಾಯಾಲಯ, ಮತ ಹಾಕಲಾಗದವರು ಸ್ಪರ್ಧಿಸುವಂತೆಯೂ ಇಲ್ಲ ಎಂದಾಗ, ಸಂಸತ್ತು ಕೆಲವೇ ತಿಂಗಳಲ್ಲಿ ಕಾಯ್ದೆ ತಿದ್ದಿ ಸ್ಪರ್ಧೆಯ ಹಕ್ಕನ್ನು ಉಳಿಸಿಕೊಂಡಿತು. ಮತದ ಹಕ್ಕಿನ ಗೋಜಿಗೆ ಹೋಗಲಿಲ್ಲ.

ನಮ್ಮ ದೇಶದ ಕೈದಿಗಳಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರು. ಒಂದೇ ಆರೋಪ ಹೊತ್ತ ಇಬ್ಬರಲ್ಲಿ, ಜಾಮೀನಿಗೆ ಪಹಣಿ ತಂದುಕೊಡುವ ನೆಂಟರಿರುವವನು ಹೊರಗೆ ಬಂದು ಸಾಲಿನಲ್ಲಿ ನಿಂತು ಮತ ಹಾಕುತ್ತಾನೆ; ಜಾಮೀನು ಮಂಜೂರಾಗಿಯೂ ಶ್ಯೂರಿಟಿ ಸಿಗದವನು ಒಳಗೇ ಉಳಿದು ಮತ ಕಳೆದುಕೊಳ್ಳುತ್ತಾನೆ. ಇಲ್ಲಿ ಮತದ ಹಕ್ಕನ್ನು ಕಸಿದುಕೊಂಡದ್ದು ಅಪರಾಧವಲ್ಲ, ಬಡತನ. ಮುಂಜಾಗ್ರತಾ ಬಂಧನದಲ್ಲಿರುವವರು ಅಂಚೆ ಮತಪತ್ರದಲ್ಲಿ ಮತ ಹಾಕುವ ವ್ಯವಸ್ಥೆ ಈಗಾಗಲೇ ಇದೆ. ಅದನ್ನು ವಿಚಾರಣಾಧೀನರಿಗೆ ವಿಸ್ತರಿಸಲು ಹೊಸ ಯಂತ್ರವೂ ಬೇಡ, ಹೊಸ ಕಟ್ಟಡವೂ ಬೇಡ.

ಪ್ರಶ್ನೆ: ವಿಧಾನಪರಿಷತ್ತಿನ ದಕ್ಷಿಣ ಪದವೀಧರ ಕ್ಷೇತ್ರದ ಚುನಾವಣೆಯಲ್ಲಿ ನಾವು 1, 2, 3 ಎಂದು ಪ್ರಾಶಸ್ತ್ಯ ಬರೆಯುತ್ತೇವೆ. ವಿಧಾನಸಭೆಗೆ ಮಾತ್ರ ಒಂದೇ ಗುಂಡಿ. ಅಲ್ಲಿಯೂ ಪ್ರಾಶಸ್ತ್ಯದ ಮತ ತರಬಾರದೇಕೆ?
— ಹಾಸನದ ಓದುಗರು

ಉತ್ತರ: ಬಹಳ ಮುಖ್ಯವಾದ ಪ್ರಶ್ನೆ. ಈಗಿನ ಪದ್ಧತಿಯಲ್ಲಿ ಉಳಿದವರಿಗಿಂತ ಒಂದು ಮತ ಹೆಚ್ಚು ಪಡೆದವರು ಗೆಲ್ಲುತ್ತಾರೆ, ಅರ್ಧಕ್ಕಿಂತ ಹೆಚ್ಚು ಮತದಾರರು ಅವರನ್ನು ಬೇಡವೆಂದಿದ್ದರೂ ಸಹ. ಮೂರು ಪಕ್ಷಗಳ ಬಲ ಗಟ್ಟಿಯಾಗಿರುವ ಹಾಸನದಂಥ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಜ್ಯಮಟ್ಟದಲ್ಲಿ ನೋಡಿದರೆ, 2018ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಶೇಕಡ 38ರಷ್ಟು ಮತ ಬಂದು 80 ಸ್ಥಾನ ಸಿಕ್ಕಿತು. ಬಿಜೆಪಿಗೆ ಶೇಕಡ 36ರಷ್ಟು ಮತ ಬಂದು 104 ಸ್ಥಾನ ಸಿಕ್ಕಿತು. ಯಾವ ಪಕ್ಷಕ್ಕೆ ಲಾಭವಾಯಿತು ಎಂಬುದು ಇಲ್ಲಿ ಮುಖ್ಯವಲ್ಲ, ಇನ್ನೊಂದು ಚುನಾವಣೆಯಲ್ಲಿ ಅದು ತಿರುವುಮುರುವಾಗಬಹುದು. ಹೆಚ್ಚು ಜನರ ಮತ ಕಡಿಮೆ ಸ್ಥಾನವಾಗಿ ಬದಲಾಗುವ ಪದ್ಧತಿಯನ್ನು ನಾವು ಪ್ರಶ್ನಿಸದೆ ಒಪ್ಪಿಕೊಂಡಿದ್ದೇವೆ ಎಂಬುದು ಮುಖ್ಯ.

ಪ್ರಾಶಸ್ತ್ಯದ ಪದ್ಧತಿಯಲ್ಲಿ ಗೆಲ್ಲಲು ಸಿಂಧುವಾದ ಮತಗಳ ಅರ್ಧಕ್ಕಿಂತ ಹೆಚ್ಚು ಬೇಕು. ಮೊದಲ ಸುತ್ತಿನಲ್ಲಿ ಯಾರಿಗೂ ಅಷ್ಟು ಸಿಗದಿದ್ದರೆ ಕೊನೆಯ ಅಭ್ಯರ್ಥಿಯನ್ನು ಕೈಬಿಟ್ಟು, ಅವರಿಗೆ ಬಿದ್ದ ಮತಪತ್ರಗಳಲ್ಲಿರುವ ಎರಡನೆಯ ಪ್ರಾಶಸ್ತ್ಯವನ್ನು ಉಳಿದವರಿಗೆ ಹಂಚುತ್ತಾ ಹೋಗುತ್ತಾರೆ. ಇದರಿಂದ ಮತದಾರ ತನ್ನ ಮನಸ್ಸಿನ ಅಭ್ಯರ್ಥಿಗೆ ಮತ ಕೊಟ್ಟರೆ ‘ವೋಟು ವೇಸ್ಟ್ ಆಗುತ್ತದೆ’ ಎಂದು ಹೆದರಬೇಕಿಲ್ಲ. ಒಂದು ಜಾತಿಯ ಒಗ್ಗಟ್ಟಿನ ಮತವನ್ನೇ ನಂಬಿದ ಅಭ್ಯರ್ಥಿಯೂ ಇತರರ ಎರಡನೆಯ ಪ್ರಾಶಸ್ತ್ಯಕ್ಕಾಗಿ ಅವರ ಬೀದಿಗೆ ಹೋಗಲೇಬೇಕಾಗುತ್ತದೆ. ನನ್ನ ಮಟ್ಟಿಗೆ ಇದೇ ದೊಡ್ಡ ಲಾಭ.

ತೊಡಕುಗಳೂ ಇವೆ. ಆಯೋಗ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದಲೇ ಬರೆಯಬೇಕು, ಅಂಕಿ ಮಾತ್ರ ಬರೆಯಬೇಕು, ಟಿಕ್ ಹಾಕಬಾರದು ಎಂದು ಗೋಡೆಗೆ ಅಂಟಿಸಿದ್ದರೂ ಪದವೀಧರರ ಮತಪತ್ರಗಳೇ ಅಸಿಂಧುವಾಗುತ್ತವೆ. ಹಾಗಾಗಿ ವಿಧಾನಸಭೆಗೆ ಇದನ್ನು ತರುವುದಾದರೆ ಕಾಗದಕ್ಕೆ ಮರಳದೆ, ಚಿಹ್ನೆಗಳನ್ನು ಒಂದಾದ ಮೇಲೊಂದು ಒತ್ತುವ ಯಂತ್ರ ಬೇಕು, ಮೊದಲು ಸ್ಥಳೀಯ ಸಂಸ್ಥೆಗಳಲ್ಲಿ ಪರೀಕ್ಷೆಯಾಗಬೇಕು.

ನೀವು ಕೇಳದ ಒಂದು ಮಾತನ್ನೂ ಸೇರಿಸುತ್ತೇನೆ. ಒಳ್ಳೆಯ ಪದ್ಧತಿಯನ್ನು ಪದವೀಧರರಿಗೆ ಮಾತ್ರ ಮೀಸಲಿಟ್ಟು, ಅವರಿಗೆ ಹೆಚ್ಚಿನ ಒಂದು ಮತವನ್ನೂ ಕೊಟ್ಟಿರುವುದು ಸಮಾನತೆಗೆ ಒಗ್ಗುವುದಿಲ್ಲ. 1951ರಲ್ಲಿ ದೇಶದ ಸಾಕ್ಷರತೆ ಶೇಕಡ 18ರಷ್ಟಿತ್ತು. ಓದಿದವರ ದನಿಗೆ ಪ್ರತ್ಯೇಕ ಜಾಗ ಬೇಕೆಂಬ ವಾದಕ್ಕೆ ಅಂದು ಅರ್ಥವಿದ್ದಿರಬಹುದು. ಬ್ರಿಟನ್ನಿನಲ್ಲಿ ವಿಶ್ವವಿದ್ಯಾಲಯಗಳ ಪದವೀಧರರಿಗಿದ್ದ ಪ್ರತ್ಯೇಕ ಕ್ಷೇತ್ರಗಳನ್ನು 1948ರ ಕಾಯ್ದೆಯಲ್ಲೇ ರದ್ದುಮಾಡಿದರು. ನಮ್ಮಲ್ಲಿ ಅದು ಉಳಿದಿರುವುದಷ್ಟೇ ಅಲ್ಲ, ಪ್ರತಿ ಚುನಾವಣೆಗೂ ಪದವೀಧರರ ಪಟ್ಟಿಯನ್ನು ಹೊಸದಾಗಿ ಮಾಡುವುದರಿಂದ, ಮತ್ತೆ ಅರ್ಜಿ ಹಾಕದವರ ಹೆಸರು ಬಿಟ್ಟುಹೋಗುತ್ತದೆ. ಅರ್ಜಿಗಳನ್ನು ಒಟ್ಟುಮಾಡಿ ತುಂಬಿಸುವ ಶಕ್ತಿ ಯಾರಿಗಿದೆಯೋ ಅವರ ಕಡೆಗೆ ಪಟ್ಟಿ ವಾಲುತ್ತದೆ.

ಪ್ರಶ್ನೆ: ನಮ್ಮ ತಂದೆಗೆ 2023ರಲ್ಲಿ ಅಧಿಕಾರಿಗಳು ಮನೆಗೇ ಬಂದು ಮತ ಹಾಕಿಸಿಕೊಂಡರು. ಮರುವರ್ಷ ಲೋಕಸಭೆಗೆ ‘ನಿಮಗೆ ಬರುವುದಿಲ್ಲ’ ಎಂದರು. ಒಂದು ವರ್ಷದಲ್ಲಿ ಅವರೇನು ಚಿಕ್ಕವರಾದರೇ?
— ಬೇಲೂರು ತಾಲ್ಲೂಕಿನ ಓದುಗರು

ಉತ್ತರ: ಚಿಕ್ಕವರಾಗಲಿಲ್ಲ, ನಿಯಮ ಬದಲಾಯಿತು. 2023ರ ವಿಧಾನಸಭಾ ಚುನಾವಣೆಯಲ್ಲಿ ಮನೆಯಿಂದ ಮತದಾನಕ್ಕೆ 80 ದಾಟಿರಬೇಕಿತ್ತು. 2024ರ ಮಾರ್ಚ್‌ನಲ್ಲಿ ಅದನ್ನು 85ಕ್ಕೆ ಏರಿಸಿದರು. ಶೇಕಡ 40ರಷ್ಟು ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಇರುವವರಿಗೆ ವಯಸ್ಸಿನ ಮಿತಿ ಇಲ್ಲ. ನಿಮ್ಮ ತಂದೆಗೆ ನಡೆಯುವುದು ಕಷ್ಟವಾಗಿದ್ದರೆ ಆ ದಾರಿಯನ್ನು ನೋಡಿ. ಚುನಾವಣೆಯ ಅಧಿಸೂಚನೆ ಹೊರಟ ಐದು ದಿನಗಳೊಳಗೆ ನಮೂನೆ 12-ಡಿ ಬಿ.ಎಲ್.ಓ. ಕೈ ಸೇರಬೇಕು. ಮನೆಯಲ್ಲಿ ಹಾಕಿಸುವ ಮತದಲ್ಲಿ ಮಕ್ಕಳ ಒತ್ತಡ ಬೀಳುತ್ತದೆ ಎಂಬ ಆಕ್ಷೇಪವನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಅದಕ್ಕೆ ಪರಿಹಾರ, ಮತ ಹಾಕುವಾಗ ಮನೆಯವರನ್ನು ಹೊರಗೆ ನಿಲ್ಲಿಸುವುದೇ ಹೊರತು ವಯಸ್ಸನ್ನು ಐದು ವರ್ಷ ಮೇಲೆತ್ತುವುದಲ್ಲ. ಮಲೆನಾಡಿನಲ್ಲಿ ಮನೆಯಿಂದ ಟಾರು ರಸ್ತೆಗೆ ಇಳಿಯಲೇ ಒಂದು ಗುಡ್ಡ ದಾಟಬೇಕಾದ 81ರ ಹಿರಿಯರನ್ನೂ, ಪಟ್ಟಣದಲ್ಲಿ ಶಾಲೆಯ ಎದುರು ಮನೆಯಿರುವ 86ರ ಹಿರಿಯರನ್ನೂ ವಯಸ್ಸೊಂದರಿಂದಲೇ ಅಳೆಯಬಾರದು. ದೂರ ಮತ್ತು ದಾರಿಯೂ ಲೆಕ್ಕಕ್ಕೆ ಬರಬೇಕು.

ಪ್ರಶ್ನೆ: ನಮ್ಮ ಕಡೂರು ಚಿಕ್ಕಮಗಳೂರು ಜಿಲ್ಲೆಯಲ್ಲಿದೆ, ಸಂಸದರು ಮಾತ್ರ ಹಾಸನದವರು. ಜಿಲ್ಲಾ ಪಂಚಾಯಿತಿ ಚುನಾವಣೆಯೂ ಸಮಯಕ್ಕೆ ನಡೆಯಲಿಲ್ಲ. ಹೀಗಾದರೆ ನಾವು ಯಾರನ್ನು ಕೇಳಬೇಕು?
— ಕಡೂರಿನ ಓದುಗರು

ಉತ್ತರ: ಮೊದಲನೆಯದು 2008ರ ಕ್ಷೇತ್ರ ಪುನರ್ವಿಂಗಡಣೆಯ ಫಲ. 2001ರ ಜನಗಣತಿಯ ಆಧಾರದಲ್ಲಿ ನಡೆದ ಆ ಮರುಜೋಡಣೆಯಲ್ಲಿ, 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರನ್ನು ಗೆಲ್ಲಿಸಿದ ಹಳೆಯ ಚಿಕ್ಕಮಗಳೂರು ಕ್ಷೇತ್ರ ಉಡುಪಿಯೊಂದಿಗೆ ಸೇರಿತು, ಕಡೂರು ಹಾಸನಕ್ಕೆ ಹೋಯಿತು. ಜನಸಂಖ್ಯೆ ಸರಿದೂಗಿಸಲು ಜಿಲ್ಲೆಯ ಗಡಿ ದಾಟುವುದು ಕೆಲವೊಮ್ಮೆ ಅನಿವಾರ್ಯ, ಅದರಲ್ಲಿ ದೊಡ್ಡ ಅನ್ಯಾಯವನ್ನು ನಾನು ಕಾಣೆ.

ಎರಡನೆಯದು ಹಾಗಲ್ಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಆರಿಸಿ ಬಂದವರ ಅವಧಿ 2021ರಲ್ಲಿ ಮುಗಿಯಿತು. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನದ 243-ಇ ವಿಧಿ ಹೇಳುತ್ತದೆ. ಆದರೆ 2021ರಲ್ಲಿ ರಾಜ್ಯದ ಕಾಯ್ದೆಗೆ ತಿದ್ದುಪಡಿ ತಂದು, ಕ್ಷೇತ್ರಗಳ ಗಡಿ ಗುರುತಿಸುವ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಒಪ್ಪಿಸಲಾಯಿತು. ಗಡಿ, ಮೀಸಲಾತಿ, ನ್ಯಾಯಾಲಯ ಎಂದು ವರ್ಷಗಳು ಉರುಳಿದವು. ಯಾವ ಪಕ್ಷದ ಸರ್ಕಾರ ಇದ್ದಾಗಲೂ ಅವಸರ ಕಾಣಲಿಲ್ಲ, ಏಕೆಂದರೆ ಚುನಾಯಿತ ಸದಸ್ಯರಿಲ್ಲದ ಪಂಚಾಯಿತಿಯನ್ನು ಆಡಳಿತಾಧಿಕಾರಿಗಳ ಮೂಲಕ ನಡೆಸುವುದು ಮೇಲಿನವರಿಗೆ ಅನುಕೂಲ. ಚುನಾವಣೆಯನ್ನು ಸಕಾಲದಲ್ಲಿ ನಡೆಸುವುದು ಕಡ್ಡಾಯವೆಂದು ಅಹಮದಾಬಾದ್ ನಗರಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಗಡಿ ಮತ್ತು ಮೀಸಲಾತಿಯ ಅಧಿಕಾರ ಪೂರ್ತಿಯಾಗಿ ರಾಜ್ಯ ಚುನಾವಣಾ ಆಯೋಗದ ಕೈಯಲ್ಲಿರಬೇಕು, ಅವಧಿ ಮುಗಿಯುವ ಆರು ತಿಂಗಳ ಮೊದಲು ಪಟ್ಟಿ ಅಂತಿಮವಾಗದಿದ್ದರೆ ಹಿಂದಿನ ಮೀಸಲಾತಿ ಪಟ್ಟಿಯಂತೆಯೇ ಚುನಾವಣೆ ನಡೆಯಬೇಕು ಎಂದು ಕಾಯ್ದೆಯಲ್ಲಿ ಒಂದು ಸಾಲು ಸೇರಿಸಿದರೆ ಈ ಬಾಗಿಲು ಮುಚ್ಚುತ್ತದೆ. ಯಾರನ್ನು ಕೇಳಬೇಕು ಎಂದಿರಿ: ಆ ಸಾಲನ್ನು ಸೇರಿಸಬೇಕಾದವರು ವಿಧಾನಸಭೆಯ ಸದಸ್ಯರು. ನಿಮ್ಮ ಗ್ರಾಮಸಭೆಯಲ್ಲಿ ಇದರ ಬಗ್ಗೆ ನಿರ್ಣಯ ಮಾಡಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ನಕಲನ್ನು ನಿಮ್ಮ ಶಾಸಕರ ಕೈಗೇ ಕೊಡಿ.